ಮರಳುದಿಬ್ಬದಲ್ಲಿ ದೊಡ್ಡ ಮರದ ಪಕ್ಕದ ಸಸಿ ಮಾತ್ರ ಯಾಕೆ ಉಳೀತು?

ಮರಳಹಾದಿ: ಮಳೆಗಾಲದಲ್ಲಿ ಮರಳುದಿಬ್ಬದ ಮೇಲೆ ಸಸಿ ನೆಟ್ಟಿದ್ದೆ, ಬಯಲಲ್ಲಿ ಇದ್ದಿದ್ದೆಲ್ಲ ಬೇಸಿಗೆಗೆ ಒಣಗೋಯ್ತು, ಹಳೇ ಮರದ ಪಕ್ಕ ನೆಟ್ಟಿದ್ದು ಮಾತ್ರ ಇನ್ನೂ ಹಸಿರಾಗಿದೆ. ದೊಡ್ಡ ಮರ ನೀರೆಲ್ಲ ಎಳ್ಕೊಂಡು ಸಸೀನ ಸಾಯಿಸುತ್ತೆ ಅಂದ್ಕೊಂಡಿದ್ದೆ, ಇಲ್ಲಿ ಉಲ್ಟಾ ಆಗಿದೆಯಲ್ಲ. ಬರೀ ನೆರಳಿಂದಾನಾ?

ಬೇರುಗೆಳೆಯ: ನೆರಳು ದೊಡ್ಡ ಕಾರಣಾನೇ. ಬಿಸಿಲು ಜೋರಿದ್ದಾಗ ಬರಿ ಮರಳಿನ ಮೇಲ್ಭಾಗ 60 ಡಿಗ್ರಿ ಸೆಲ್ಸಿಯಸ್ ದಾಟೋದೂ ಉಂಟು, ಎಳೇ ಕಾಂಡ ಮರಳಿಗೆ ತಾಗೋ ಜಾಗದಲ್ಲೇ ಬೆಂದೋಗುತ್ತೆ, ಮೇಲೆ ಎಲೆ ಚೆನ್ನಾಗೇ ಕಾಣ್ತಿರುತ್ತೆ ಆಮೇಲೆ ಒಂದಿನ ವಾಲಿಬಿಡುತ್ತೆ. ಇನ್ನೊಂದು ಗಾಳಿ. ಹಾರೋ ಮರಳು ಸಿಪ್ಪೇನ ಉಜ್ಜಿ ಸವೆಸುತ್ತೆ, ಇಲ್ಲಾಂದ್ರೆ ಬುಡದ ಮರಳನ್ನೇ ಕೊಚ್ಚಿ ಬೇರು ಹೊರಗೆ ಹಾಕುತ್ತೆ. ಸತ್ತ ಸಸಿ ಇನ್ನೂ ಇದ್ರೆ ಬುಡ ನೋಡಿ, ಸುತ್ತ ಉಂಗುರದ ಥರ ಸೊರಗಿದ್ರೆ ಹೆಚ್ಚಾಗಿ ಬಿಸಿ, ಒಂದೇ ಕಡೆ ಸವೆದಿದ್ರೆ ಗಾಳಿ.

ತರಗೆಲೆ: ಮಣ್ಣನ್ನೂ ಮರೀಬೇಡಿ. ಮರದ ಕೆಳಗೆ ಒಂದು ಹಿಡಿ ಮರಳು ತೆಗೆದು ನೋಡಿ, ಬಣ್ಣ ಸ್ವಲ್ಪ ಕಪ್ಪಗಿರುತ್ತೆ, ಕೊಳೆತ ಎಲೆ ಚೂರು ಇರುತ್ತೆ, ತೇವಾನೂ ಗೊಬ್ಬರಾನೂ ಅದು ಹಿಡ್ಕೊಳ್ಳುತ್ತೆ. ಬೇರಿನ ಜೊತೆ ಬಾಳೋ ಶಿಲೀಂಧ್ರ ಅಲ್ಲಿ ಮೊದಲೇ ಇರುತ್ತೆ, ಹೊಸ ಸಸಿಗೆ ಹೊಂದಿದ್ರೆ ಅದರ ಬೇರಿಗೂ ಹತ್ಕೊಳ್ಳುತ್ತೆ. ಗಾಳಿಮರ ಆದ್ರೆ ಅದರ ಬೇರುಗಂಟಲ್ಲಿರೋ ಫ್ರಾಂಕಿಯಾ ಬ್ಯಾಕ್ಟೀರಿಯಾ ಗಾಳಿಯ ಸಾರಜನಕಾನ ಹಿಡಿಯುತ್ತೆ, ಉದುರಿದ ಎಲೆ ಮೂಲಕ ಅದು ಮರಳಿಗೂ ಸೇರುತ್ತೆ. ಆದ್ರೆ ಅದೇ ಎಲೆ ದಪ್ಪ ಹಾಸಿಗೆ ಆಗ್ಬಿಟ್ರೆ ಸಣ್ಣ ಬೀಜದ ಬೇರು ಮರಳಿಗೆ ಮುಟ್ಟೋದೇ ಕಷ್ಟ.

ಬಯಲುನೋಟ: ನೀರಿನ ಪೈಪೋಟಿ ಬಗ್ಗೆ ನೀವು ಅಂದ್ಕೊಂಡಿದ್ದು ತಪ್ಪೇನಲ್ಲ ಮರಳಹಾದಿ ಅವ್ರೇ, ಮರ ನೀರು ಎಳ್ಕೊಳ್ಳೋದೂ ನಿಜ, ಆದ್ರೆ ಜಾಗ ಕಠಿಣ ಇದ್ದಷ್ಟೂ ಆಸರೆಯ ಲಾಭಾನೇ ಮೇಲುಗೈ ಆಗುತ್ತೆ ಅಂತ 1994ರಲ್ಲಿ ಬರ್ಟ್‌ನೆಸ್ ಮತ್ತು ಕ್ಯಾಲವೇ ಅನ್ನೋ ವಿಜ್ಞಾನಿಗಳು ವಾದ ಮುಂದಿಟ್ರು. ಸಸಿ ದೊಡ್ಡದಾದ ಮೇಲೆ ಅದೇ ಮರ ಎದುರಾಳಿ ಆಗ್ಬಹುದು. ಅದಕ್ಕೆ ಕಾಂಡದ ಬುಡಕ್ಕೇ ನೆಡ್ಬೇಡಿ, ಕೊಂಬೆ ನೆರಳು ಮುಗಿಯೋ ಅಂಚಲ್ಲಿ, ಗಾಳಿಗೆ ಮರೆಯಾಗೋ ಕಡೆ ನೆಡಿ.

ಮರಳಹಾದಿ: ಎಲ್ಲರಿಗೂ ಥ್ಯಾಂಕ್ಸ್. ಹೋಗಿ ನೋಡ್ಕೊಂಡು ಬಂದೆ, ಸತ್ತ ಸಸಿಗಳಲ್ಲಿ ಸುಮಾರಕ್ಕೆ ಗಾಳಿ ಬೀಸೋ ಕಡೆ ಸಿಪ್ಪೇನೇ ಇಲ್ಲ, ಎರಡರ ಬೇರು ಪೂರ್ತಿ ಹೊರಗೆ ಬಂದಿತ್ತು. ನಾನು ಸುಮ್ನೆ ನೀರು ಹಾಕ್ತಾ ಇದ್ದೆ! ಈ ಸಲ ಅಂಚಲ್ಲೇ ನೆಡ್ತೀನಿ.