ಹೊರಗಿನ ಊಟದ ಖರ್ಚು ಆದಾಯಕ್ಕಷ್ಟೇ ಸಂಬಂಧಿಸಿದ್ದೇ?

ಪ್ರಶ್ನೆ (ಕುಮಟಾ)
ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ತಿಂಗಳ ತಲಾ ವೆಚ್ಚ ನಗರದಲ್ಲಿ 6,996 ರೂಪಾಯಿ, ಹಳ್ಳಿಯಲ್ಲಿ 4,122 ರೂಪಾಯಿ. ಆದರೂ ಪಾನೀಯ, ತಿಂಡಿ ಹಾಗೂ ಸಂಸ್ಕರಿತ ಆಹಾರದ ಪಾಲು ನಗರದಲ್ಲಿ ಶೇ. 11.09, ಹಳ್ಳಿಯಲ್ಲಿ ಶೇ. 9.84, ಅಂದರೆ ಹೆಚ್ಚಿನ ಅಂತರವಿಲ್ಲ. ಹಾಗಾದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಗಳ ಹೋಟೆಲ್ ಖರ್ಚನ್ನು ನಿರ್ಧರಿಸುವುದು ಆದಾಯವೋ, ಬೇರೇನೋ?

ಉತ್ತರ (ಶಿರಸಿ)
ಆ ಬಾಬಿನಲ್ಲಿ ಬಿಸ್ಕತ್ತು, ಚಿಪ್ಸ್ ಪೊಟ್ಟಣಗಳೂ ಸೇರಿರುವುದರಿಂದ ಅದನ್ನು ಹೋಟೆಲ್ ಬಿಲ್ಲೆಂದು ಓದಲಾಗದು. ನಮ್ಮ ತೋಟಿಗರ ಮನೆಗಳಲ್ಲಿ ಆದಾಯ ಎಷ್ಟು ಎಂಬುದಕ್ಕಿಂತ ಅದು ಯಾವಾಗ ಕೈಸೇರುತ್ತದೆ ಎಂಬುದೇ ಮುಖ್ಯ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ದಿನಗಳಲ್ಲಿ ಆಳುಗಳಿಗೂ ಮನೆಯಲ್ಲೇ ಅಡುಗೆಯಾಗುವುದರಿಂದ ಪೇಟೆಯ ತಿಂಡಿಯ ಮಾತೇ ಇಲ್ಲ; ಅಡಿಕೆ ಒಣಗಿ, ವ್ಯಾಪಾರ ಕುದುರಿ, ಹಣ ಖಾತೆಗೆ ಬಂದ ಮೇಲೆ ಪೇಟೆಗೆ ಹೋದವರು ಮಸಾಲೆ ದೋಸೆ ತಿನ್ನದೆ ಮರಳುವುದು ಅಪರೂಪ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ, ಒಂದೇ ವರ್ಷದ ಲೆಕ್ಕ ಹಿಡಿದರೆ ಇಲ್ಲಿ ತಪ್ಪು ತೀರ್ಮಾನಕ್ಕೇ ಬರುತ್ತೇವೆ.

ಉತ್ತರ (ಕಾರವಾರ)
ನನ್ನ ಮಟ್ಟಿಗೆ ಅಡುಗೆ ಮಾಡುವವರ ಸಮಯವೇ ಎಲ್ಲಕ್ಕಿಂತ ದೊಡ್ಡ ಕಾರಣ. ಮನೆಯಲ್ಲಿ ಕಳೆಯುವ ಸಮಯಕ್ಕೂ ಬೆಲೆಯಿದೆ ಎಂದು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1965ರಲ್ಲೇ ವಾದಿಸಿದ್ದರು. ತಾರ್ಲೆ ಮೀನು ಅಗ್ಗವೆಂದು ತಂದರೂ, ಅದನ್ನು ಒಂದೊಂದಾಗಿ ಹೆರೆದು, ತಲೆ ತೆಗೆದು, ತೊಳೆದು, ಕಾಯಿ ತುರಿದು ಮಸಾಲೆ ಅರೆಯುವಷ್ಟರಲ್ಲಿ ಸಂಜೆ ಮುಗಿದಿರುತ್ತದೆ. ದಂಪತಿ ಇಬ್ಬರೂ ನೌಕರಿಗೆ ಹೋಗುವ ಮನೆಯವರು ಹೋಟೆಲಿನ ಮೀನೂಟದ ದರವನ್ನು ಮಾರುಕಟ್ಟೆಯ ಮೀನಿನ ದರಕ್ಕಷ್ಟೇ ಹೋಲಿಸುವುದಿಲ್ಲ, ಆ ಸಂಜೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ತಾಜಾ ಮೀನು ತುಟ್ಟಿಯಾಗುತ್ತದೆ. ಹೋಟೆಲುಗಳಲ್ಲಿ ಹೆಚ್ಚಾಗಿ ದರದ ಬದಲು ತುಂಡಿನ ಗಾತ್ರ ಬದಲಾಗುತ್ತದೆ. ಬಳಿಕ ಬರುವ ಶ್ರಾವಣದಲ್ಲಿ ಮನೆಯೊಳಗೆ ನೇಮ ಪಾಲಿಸುವ ಕೆಲವು ಗಂಡಸರ ಮೀನೂಟ ಸದ್ದಿಲ್ಲದೆ ಹೋಟೆಲಿಗೆ ವರ್ಗವಾಗುತ್ತದೆ, ಅದು ಯಾವ ಸಮೀಕ್ಷಕರಿಗೂ ಸಿಗಲಿಕ್ಕಿಲ್ಲ.

ಉತ್ತರ (ಅಂಕೋಲಾ)
ತೆರಿಗೆಯನ್ನು ಕಾರಣವೆನ್ನುವವರಿದ್ದಾರೆ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ, ಬನ್ಸ್ ತಿಂದು ಚಹಾ ಕುಡಿಯುವವರ ನಿರ್ಧಾರವನ್ನು ಅದು ಬದಲಿಸಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ ಕೇಳಿದವರು (ಕುಮಟಾ)
ಎಲ್ಲರಿಗೂ ಧನ್ಯವಾದ. ಸಮಯದ ವಾದ ನನಗೆ ಒಪ್ಪಿಗೆಯಾಯಿತು, ಆದರೆ ಇಷ್ಟದ ಊಟವನ್ನೂ ಅನಿವಾರ್ಯದ ಊಟವನ್ನೂ ಬೇರ್ಪಡಿಸಬೇಕು. ದೊಡ್ಡ ಕಾಯಿಲೆಯೆಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕಾದ ಈ ಜಿಲ್ಲೆಯಲ್ಲಿ, ರೋಗಿಯ ಜೊತೆ ನಿಂತವರ ಮೂರು ಹೊತ್ತಿನ ಹೋಟೆಲ್ ಊಟ ಆದಾಯ ಹೆಚ್ಚಿದ್ದರಿಂದಲೂ ಬಂದದ್ದಲ್ಲ, ಬಿಡುವಿಲ್ಲದ್ದರಿಂದಲೂ ಬಂದದ್ದಲ್ಲ. ಅಂಥ ಖರ್ಚನ್ನು ನಿಮ್ಮ ಮನೆಗಳಲ್ಲಿ ಊಟದ ಲೆಕ್ಕಕ್ಕೆ ಬರೆಯುತ್ತೀರೋ, ಔಷಧದ ಲೆಕ್ಕಕ್ಕೋ?