ಅಮೆರಿಕದ ಹಳ್ಳಿ ಕಡೆ "ಟೌನ್‌ಶಿಪ್" ಅಂದ್ರೆ ಏನು? ಮಗನ ಜಮೀನಿನ ಬೇಲಿ ವಿಷಯ

ತಾಳಗುಪ್ಪ ಕಡೆಯವ:
ಎಲ್ರಿಗೂ ನಮಸ್ಕಾರ. ನಮ್ದು ಸಾಗರದ ಹತ್ರ. ಮಗ ಸೊಸೆ ಅಮೆರಿಕದ ಅಯೋವಾದಲ್ಲಿ ಟಾಮಾ ಕೌಂಟಿ ಅನ್ನೋ ಕಡೆ ಇದಾರೆ, ಪೂರ್ತಿ ಹಳ್ಳಿ, ಕಣ್ಣು ಹೋದಷ್ಟು ದೂರ ಮೆಕ್ಕೆಜೋಳ ಸೋಯಾ, ಅಲ್ಲೇ ಸ್ವಲ್ಪ ಜಮೀನು ಸಮೇತ ಮನೆ ತಗೊಂಡಿದಾರೆ. ಮೊನ್ನೆ ಪಕ್ಕದವರ ದನ ಬೇಲಿ ಮುರಿದು ಒಳಗೆ ಬಂತಂತೆ, ಬೇಲಿ ಯಾರು ಕಟ್ಟೋದು ಅಂತ ಮಾತು ಬಂದಾಗ ಟೌನ್‌ಶಿಪ್‌ನವರು ಬಂದು ನೋಡ್ತಾರೆ ಅಂದ್ರಂತೆ. ನಂಗೆ ಟೌನ್‌ಶಿಪ್ ಅಂದ್ರೆ ಭದ್ರಾವತಿ ಪೇಪರ್ ಟೌನ್ ತರದ್ದು ಅಷ್ಟೇ ಗೊತ್ತು. ಹೊಲದ ಮಧ್ಯ ಎಂಥ ಟೌನ್‌ಶಿಪ್ ಮಾರಾಯ್ರೆ? ಕಾಗದದಲ್ಲಿ ಸೆಕ್ಷನ್ ನಂಬರ್ ಬೇರೆ ಇದೆ. ಆ ಊರಿನ ಹಿಂದಿನ ಕತೆ ಗೊತ್ತಿದ್ರೂ ಹೇಳಿ, ಮಳೆಗಾಲ ಮುಗಿದ ಮೇಲೆ ನಾವಿಬ್ರೂ ಹೋಗೋರಿದ್ದೀವಿ.

ಬಾಂದುಕಲ್ಲು:
ನಾನು ಸರ್ವೆ ಕೆಲಸದಲ್ಲಿ ಇದ್ದವನು, ಇದು ನಂಗೆ ತುಂಬ ಇಷ್ಟದ ವಿಷಯ. 1785ರಲ್ಲಿ ಅವರು ಒಂದು ಕಾನೂನು ಮಾಡಿದ್ರು, ಪಶ್ಚಿಮದ ಜಾಗನೆಲ್ಲ ಮಾರೋಕೆ ಮುಂಚೆ ಅಳೆದು ಚೌಕ ಮಾಡ್ಬೇಕು ಅಂತ. ಒಂದೊಂದು ಚೌಕ 6 ಮೈಲಿ ಉದ್ದ 6 ಮೈಲಿ ಅಗಲ, ಅದೇ ಟೌನ್‌ಶಿಪ್. ಅದ್ರೊಳಗೆ ಒಂದೊಂದು ಮೈಲಿಯ 36 ಸೆಕ್ಷನ್, ಒಂದು ಸೆಕ್ಷನ್‌ಗೆ 640 ಎಕರೆ. ನಂಬರ್ ಹಾಕೋ ರೀತಿ ಚಂದ ಇದೆ, ಈಶಾನ್ಯ ಮೂಲೇಲಿ 1 ಶುರುವಾಗಿ ಪಶ್ಚಿಮಕ್ಕೆ ಹೋಗಿ 6, ಅದರ ಕೆಳಗೆ 7 ಹಾಕಿ ವಾಪಸ್ ಪೂರ್ವಕ್ಕೆ, ಗದ್ದೆ ಹೂಡುವಾಗ ಎತ್ತು ತಿರುಗೋ ಹಾಗೇ, ಕೊನೆಗೆ ಆಗ್ನೇಯ ಮೂಲೇಲಿ 36. 16ನೇ ಸೆಕ್ಷನ್ ಶಾಲೆಗೆ ಅಂತ ಬಿಡ್ತಿದ್ರು, ಅದನ್ನ ಮಾರಿ ಅಥವಾ ಗೇಣಿಗೆ ಕೊಟ್ಟು ಬಂದ ದುಡ್ಡು ಶಾಲೆಗೆ.

ಜಮೀನು ಅಳೆಯೋ ಅವರ ಸರಪಳಿ 66 ಅಡಿ, ನಮ್ದು 16 ಆಣೆ ಅಂತ 16 ಭಾಗ ಮಾಡಿದ 33 ಅಡಿ ಸರಪಳಿ, ಸರಿಯಾಗಿ ಅರ್ಧ. ಎಕರೆ ಎರಡೂ ಕಡೆ ಒಂದೇ. ಆದ್ರೆ ನಮ್ಮಲ್ಲಿ ಊರು ಮೊದಲು ಇತ್ತು, ಹಳ್ಳ, ಗುಡ್ಡ, ಸೊಪ್ಪಿನ ಬೆಟ್ಟ ನೋಡ್ಕೊಂಡು ಸರ್ವೆ ನಂಬರ್ ಆಮೇಲೆ ಬಂತು, ಅದಕ್ಕೇ ನಮ್ಮ ನಕ್ಷೆ ಅಂಕುಡೊಂಕು. ಅಲ್ಲಿ ಗೆರೆ ಮೊದಲು ಊರು ಆಮೇಲೆ. ಭೂಮಿ ದುಂಡಗಿರೋದ್ರಿಂದ ಚೌಕ ಪೂರ್ತಿ ಸರಿಯಾಗಿ ಕೂರಲ್ಲ, ಆ ಹೆಚ್ಚುಕಮ್ಮಿನ ಉತ್ತರ ಮತ್ತು ಪಶ್ಚಿಮದ ಅಂಚಿನ ಸೆಕ್ಷನ್‌ಗಳಿಗೆ ತಳ್ತಿದ್ರು.

ಕೊಪ್ಪದ ಹುಡುಗಿ:
ನಾನು ಅಯೋವಾದಲ್ಲಿ ಓದಿದ್ದು ಅಂಕಲ್, ಬೇಲಿ ವಿಷಯ ನಾನು ಹೇಳ್ತೀನಿ. ನಕ್ಷೆಯ ಆ ಚೌಕದ ಲೆಕ್ಕದಲ್ಲೇ ಸಣ್ಣ ಆಡಳಿತದ ಟೌನ್‌ಶಿಪ್‌ಗಳನ್ನೂ ಮಾಡ್ಕೊಂಡಿದಾರೆ, ಮೂರು ಜನ ಟ್ರಸ್ಟಿಗಳು ಒಬ್ರು ಕ್ಲರ್ಕು. ನಮ್ಮ ಪಂಚಾಯಿತಿಯಷ್ಟು ದೊಡ್ಡ ಕೆಲಸ ಇಲ್ಲ, ಬೆಂಕಿ ಆರಿಸೋ ವ್ಯವಸ್ಥೆ, ಹಳೇ ಸ್ಮಶಾನ ನೋಡ್ಕೊಳ್ಳೋದು, ಆಮೇಲೆ ಬೇಲಿ ಜಗಳ ತೀರ್ಮಾನ. ನಿಜವಾಗ್ಲೂ ಬಂದು ನಿಂತು ನೋಡಿ ಯಾರ ಪಾಲು ಎಷ್ಟು ಅಂತ ಬರೆದು ಕೊಡ್ತಾರೆ. ಅಲ್ಲಿ ಒಂದು ರೂಢಿ ಇದೆ, ಕಾನೂನಲ್ಲ, ಇಬ್ರೂ ಬೇಲಿ ಮಧ್ಯಕ್ಕೆ ಬಂದು ಎದುರುಬದುರು ನಿಲ್ಲೋದು, ಅವರವರ ಬಲಗೈ ಕಡೆಯ ಅರ್ಧ ಅವರವರು ಕಟ್ಟೋದು. ನಮ್ಮಲ್ಲಿ ಅಗಳ ತೋಡೋವಾಗ ಹೀಗೊಂದು ಇದ್ದಿದ್ರೆ ಎಷ್ಟು ಮನೆ ಮಾತು ಬಿಡೋದು ತಪ್ತಿತ್ತು. ಕೌಂಟಿ ಕಚೇರಿ ಟೊಲೀಡೊದಲ್ಲಿ. ಪಕ್ಕದ ಟಾಮಾ ಊರಲ್ಲಿ 1915ರ ಸಣ್ಣ ಸೇತುವೆ ಇದೆ, ಅದರ ಕಟಕಟೆಯಲ್ಲೇ ಲಿಂಕನ್ ಹೈವೇ (ಅಮೆರಿಕದ ಈ ತುದಿಯಿಂದ ಆ ತುದಿಗೆ ಹೋಗೋ ಹಳೇ ರಸ್ತೆ) ಅಂತ ಕಾಂಕ್ರೀಟಿನ ಅಕ್ಷರ, ಖಂಡಿತ ನೋಡಿ ಬನ್ನಿ.

ಹಿನ್ನೀರು:
ಗೆರೆ ಮೊದಲು ಊರು ಆಮೇಲೆ ಅಂದ್ರಲ್ಲ, ಒಂದು ಮಾತು ಸೇರಿಸ್ತೀನಿ. ಗೆರೆಗಿಂತ ಮೊದಲೂ ಅಲ್ಲಿ ಜನ ಇದ್ರು. ಟಾಮಾ ಅನ್ನೋದೇ ಅಲ್ಲಿನ ಮೂಲನಿವಾಸಿ ಮೆಸ್ಕ್ವಾಕಿ ಜನರ ಒಬ್ಬ ನಾಯಕನ ಹೆಸರು. 1842ರ ಒಪ್ಪಂದದಲ್ಲಿ ಅವರ ಜಾಗ ಹೋಯ್ತು, 1845ರ ಹೊತ್ತಿಗೆ ಕ್ಯಾನ್ಸಸ್ ಕಡೆ ಕಳಿಸಿದ್ರು. ಕೆಲವರು ಹೋಗ್ಲೇ ಇಲ್ಲ, ಹೋದವರಲ್ಲೂ ಎಷ್ಟೋ ಜನ ತಿರುಗಿ ಬಂದ್ರು. 1856ರಲ್ಲಿ ಅಯೋವಾ ಅವರು ಇರಬಹುದು ಅಂತ ಕಾನೂನು ಮಾಡ್ತು, ಮರುವರ್ಷ ತಮ್ಮದೇ ದುಡ್ಡು ಕೂಡಿಸಿ ಅಯೋವಾ ನದಿ ದಡದಲ್ಲಿ 80 ಎಕರೆ ಕೊಂಡ್ರು. ತಮ್ಮದೇ ನೆಲ ತಾವೇ ಕ್ರಯಕ್ಕೆ ತಗೊಂಡಿದ್ದು. ಇವತ್ತು ಅದು 8,000 ಎಕರೆ ದಾಟಿದೆ, ಸರ್ಕಾರ ಬಿಟ್ಟುಕೊಟ್ಟ ಜಾಗ ಅಲ್ಲ ಅಂತ ಅದಕ್ಕೆ ಸೆಟಲ್‌ಮೆಂಟ್ ಅಂತಾರೆ. ನಮ್ಮಜ್ಜಿ ಮನೆ, ತೋಟ ಎಲ್ಲ 1964ರಲ್ಲಿ ಲಿಂಗನಮಕ್ಕಿ ನೀರಲ್ಲಿ ಹೋಯ್ತು. ಬೇಸಿಗೇಲಿ ನೀರು ಇಳಿದಾಗ ಅಜ್ಜಿ ದಡದಲ್ಲಿ ನಿಂತು ನಮ್ಮ ಕಣ ಅಲ್ಲಿತ್ತು ಅಂತ ಕೈ ತೋರಿಸ್ತಿದ್ರು. ಆ 80 ಎಕರೆ ಕತೆ ಓದಿದಾಗ ನಂಗೆ ಅವರ ಕೈಯೇ ನೆನಪಾಗಿದ್ದು. ಹೋದಾಗ ಆ ಕಡೆಗೂ ಹೋಗಿ ಬನ್ನಿ ಸರ್.

ತಾಳಗುಪ್ಪ ಕಡೆಯವ:
ಖಂಡಿತ ಹೋಗ್ತೀವಿ. ನಮ್ಮ ಮನೆಯವರ ತವರಿನ ಗದ್ದೆನೂ ಆ ನೀರಲ್ಲೇ ಇದೆ, ನಿಮ್ಮದು ಓದಿ ಹೇಳ್ದೆ, ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. ಬಲಗೈ ಲೆಕ್ಕ ಮಗನಿಗೆ ಫೋನಲ್ಲಿ ಹೇಳಿದೀನಿ, ಪಕ್ಕದವರೂ ಅದನ್ನೇ ಅಂದ್ರಂತೆ. ಬಾಂದುಕಲ್ಲು ಅವರೇ, ಕಾಗದ ತೆಗೆದು ನೋಡಿದೆ, ಸೆಕ್ಷನ್ 17 ಅಂತಿದೆ.

ಬಾಂದುಕಲ್ಲು:
ಹಾಗಾದ್ರೆ ಶಾಲೆ ಸೆಕ್ಷನ್ ಅವರ ಪೂರ್ವಕ್ಕೇ ತಾಗಿಕೊಂಡಿದೆ. ಬೆಳಿಗ್ಗೆ ಎದ್ದು ಸೂರ್ಯ ಹುಟ್ಟೋ ಕಡೆ ನೋಡೋಕೆ ಹೇಳಿ.