ಸೆಕ್ಯುರಿಟಿ ಅಪ್‌ಡೇಟ್ ಪದೇಪದೇ ಫೇಲ್ ಆಗ್ತಿದೆ, ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ, ಸಾಗರ, ಫೆಬ್ರವರಿ 2024)

ನಮಸ್ಕಾರ ಸರ್. ನನ್ನದು ವಿಂಡೋಸ್ 10 ಲ್ಯಾಪ್‌ಟಾಪ್. ಮೂರು ವರ್ಷದ ಹಿಂದೆ ಮಗ ತಂದುಕೊಟ್ಟಿದ್ದು. ಸಂಕ್ರಾಂತಿ ಹೊತ್ತಿಗೆ ಶುರುವಾದ ಕಾಟ ಇನ್ನೂ ನಿಂತಿಲ್ಲ. ಒಂದು ಸೆಕ್ಯುರಿಟಿ ಅಪ್‌ಡೇಟ್ ಪೂರ್ತಿ ಡೌನ್‌ಲೋಡ್ ಆಗುತ್ತದೆ, ಇನ್‌ಸ್ಟಾಲ್ ಆಗುತ್ತಾ ಹೋಗಿ ಕೊನೆಗೆ ಎರರ್ ತೋರಿಸುತ್ತದೆ. ‘ರೀಟ್ರೈ’ ಒತ್ತಿದರೆ ಮತ್ತೆ ಅದೇ. ನಂಬರ್ 0ಎಕ್ಸ್80070643 ಅಂತ ಇದೆ.

ಊರಿನ ಒಂದು ಅಂಗಡಿಯಲ್ಲಿ ತೋರಿಸಿದೆ. ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಬೇಕು ಅಂದರು. ನುಡಿಯಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲ ಇದರಲ್ಲೇ ಇವೆ. ಮೈದುನನ ಮಗ ‘ಅಪ್‌ಡೇಟನ್ನೇ ಆಫ್ ಮಾಡಿಬಿಡಿ ದೊಡ್ಡಮ್ಮ, ತಲೆನೋವೇ ಇರಲ್ಲ’ ಅನ್ನುತ್ತಾನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು. ಯಾರ ಮಾತು ಕೇಳಲಿ?

ಉತ್ತರ (ಲ್ಯಾಪ್‌ಟಾಪ್ ಸರ್ವಿಸ್ ಕೆಲಸದವರು)

ಮೇಡಂ, ಎರಡೂ ಬೇಡ. ಫಾರ್ಮ್ಯಾಟ್ ಮಾಡಿಸಬೇಡಿ, ಅಪ್‌ಡೇಟನ್ನೂ ಆಫ್ ಮಾಡಬೇಡಿ. ಮೊದಲು ಮೂರು ವಿಷಯ ನೋಡಿ ಹೇಳಿ.

ಸೆಟ್ಟಿಂಗ್ಸ್‌ನಲ್ಲಿ ‘ಅಪ್‌ಡೇಟ್ ಅಂಡ್ ಸೆಕ್ಯುರಿಟಿ’ ತೆರೆದು, ‘ವ್ಯೂ ಅಪ್‌ಡೇಟ್ ಹಿಸ್ಟರಿ’ ಒತ್ತಿ. ಫೇಲ್ ಆದದ್ದರ ಹೆಸರಿನಲ್ಲಿ ಕೆಬಿ ಅಂತ ಶುರುವಾಗುವ ಒಂದು ನಂಬರ್ ಇರುತ್ತದೆ. ಅದು ಯಾವುದು? ಜನವರಿಯ ಬೇರೆ ಅಪ್‌ಡೇಟ್‌ಗಳು ಸರಿಯಾಗಿ ಕೂತಿವೆಯಾ? ಇನ್ನೊಂದು, ಅದೇ ‘ಅಪ್‌ಡೇಟ್ ಅಂಡ್ ಸೆಕ್ಯುರಿಟಿ’ಯ ಎಡಗಡೆ ಪಟ್ಟಿಯಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ (ಡಿಸ್ಕ್‌ಗೆ ಹಾಕುವ ಬೀಗ) ಅಂತ ಇದೆಯಾ? ಇದ್ದರೆ ಆನ್ ಇದೆಯೋ ಆಫ್ ಇದೆಯೋ?

ಎರರ್ ನಂಬರ್ ಒಂದನ್ನೇ ನೋಡಿ ಏನೂ ಹೇಳಲು ಆಗುವುದಿಲ್ಲ. 0ಎಕ್ಸ್80070643 ಅಂದರೆ ‘ಇನ್‌ಸ್ಟಾಲ್ ಆಗಲಿಲ್ಲ’ ಎಂದಷ್ಟೇ ಅರ್ಥ. ಜ್ವರ ಬಂದಿದೆ ಅಂದ ಹಾಗೆ. ಯಾಕೆ ಬಂತು ಅನ್ನೋದು ಕೆಬಿ ನಂಬರ್‌ನಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು

ಕೆಬಿ5034441 ಸರ್. ಕೆಬಿ5034122 ಅನ್ನುವುದರ ಮುಂದೆ ‘ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್’ ಅಂತ ಇದೆ. ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆ. ನಾನಂತೂ ಅದನ್ನು ಆನ್ ಮಾಡಿಲ್ಲ.

ಉತ್ತರ

ಹಾಗಾದರೆ ನಿಮ್ಮ ವಿಂಡೋಸ್ ಚೆನ್ನಾಗಿಯೇ ಇದೆ ಮೇಡಂ. ಏನೂ ಕರಪ್ಟ್ ಆಗಿಲ್ಲ. ಜನವರಿ ತಿಂಗಳ ಮುಖ್ಯ ಸೆಕ್ಯುರಿಟಿ ಅಪ್‌ಡೇಟ್ ಕೆಬಿ5034122, ಅದು ಕೂತಿದೆ. ಫೇಲ್ ಆಗುತ್ತಿರುವುದು ಬೇರೆಯದು. ಎರಡೂ ಬಂದದ್ದು 2024ರ ಜನವರಿ 9ರಂದೇ, ಆದರೆ ಹೋಗಿ ಕೂರುವ ಜಾಗ ಬೇರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಡಿಸ್ಕ್‌ನಲ್ಲಿ ಸಿ ಡ್ರೈವ್ ಅಲ್ಲದೆ, ಕಣ್ಣಿಗೆ ಬೀಳದ ಒಂದು ಸಣ್ಣ ಪಾರ್ಟಿಶನ್, ಅಂದರೆ ಡಿಸ್ಕಿನ ಬೇರೆ ಭಾಗ, ಇರುತ್ತದೆ. ಅದು ರಿಕವರಿ ಪಾರ್ಟಿಶನ್. ವಿಂಡೋಸ್ ಆನ್ ಆಗದೆ ಕೈಕೊಟ್ಟಾಗ ‘ಸ್ಟಾರ್ಟಪ್ ರಿಪೇರ್’, ‘ರೀಸೆಟ್ ದಿಸ್ ಪಿಸಿ’ ಅಂತ ನೀಲಿ ಪರದೆ ಬರುತ್ತದಲ್ಲ, ಅದು ಅಲ್ಲಿಂದ ಬರುವುದು. ಮನೆಯ ಬಾಗಿಲು ಒಳಗಿನಿಂದ ಸಿಕ್ಕಿಕೊಂಡರೆ ಹಿತ್ತಲ ಬಾಗಿಲಿಂದ ಒಳಗೆ ಹೋಗುತ್ತೇವೆ ನೋಡಿ, ಹಾಗೆ.

ಆ ಹಿತ್ತಲ ಬಾಗಿಲಿನ ಚಿಲಕ ಸಡಿಲ ಇತ್ತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ (ಡಿವೈಸ್ ಎನ್‌ಕ್ರಿಪ್ಶನ್ ಹಾಕುವುದೂ ಇದೇ ಬೀಗ) ಹಾಕಿದ್ದರೂ, ಲ್ಯಾಪ್‌ಟಾಪ್ ಕೈಗೆ ಸಿಕ್ಕವರು ರಿಕವರಿ ಕಡೆಯಿಂದ ಬಂದು ಬೀಗ ತಪ್ಪಿಸಿ ಫೈಲ್ ನೋಡಬಹುದಿತ್ತು. ಈ ದೋಷಕ್ಕೆ ಸಿವಿಇ-2024-20666 ಅಂತ ನಂಬರ್ ಕೊಟ್ಟಿದ್ದಾರೆ. ಕೆಬಿ5034441 ಬಂದದ್ದು ಆ ಚಿಲಕ ಸರಿ ಮಾಡಲು. ಅದಕ್ಕೆ ರಿಕವರಿ ಪಾರ್ಟಿಶನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಪಾರ್ಟಿಶನ್ ಇರುವುದೇ ಸುಮಾರು 500 ಎಂಬಿ, ಒಳಗಿನ ಸಾಮಾನೇ ಅದನ್ನು ತುಂಬಿಕೊಂಡಿರುತ್ತದೆ. ಜಾಗ ಸಾಲದೆ ಅಪ್‌ಡೇಟ್ ವಾಪಸ್ ಬರುತ್ತದೆ.

ಸಿ ಡ್ರೈವ್‌ನಲ್ಲಿ 300 ಜಿಬಿ ಖಾಲಿ ಇದ್ದರೂ ಇದಕ್ಕೆ ಉಪಯೋಗ ಇಲ್ಲ. ಆದ್ದರಿಂದ ಫೋಟೋ ಅಳಿಸುವುದು, ಟೆಂಪ್ ಫೈಲ್ ತೆಗೆಯುವುದು ಮಾಡಬೇಡಿ. ವಿಂಡೋಸ್‌ನ ಫೈಲ್ ನಿಜವಾಗಿ ಕೆಟ್ಟಾಗ ನಾವು ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸುತ್ತೇವೆ. ಇಲ್ಲಿ ಅದೂ ವ್ಯರ್ಥ.

ನನಗೆ ಬೇಜಾರಾಗುವುದು ಆ ಎರರ್ ಮೆಸೇಜ್ ನೋಡಿ. ‘ಜಾಗ ಸಾಲದು’ ಎಂಬ ಮೆಸೇಜ್ ಬರಬೇಕಾದ ಕಡೆ ಈ ನಂಬರ್ ಬರುತ್ತಿದೆ ಅಂತ ಮೈಕ್ರೋಸಾಫ್ಟೇ ತನ್ನ ಪುಟದಲ್ಲಿ ಒಪ್ಪಿಕೊಂಡಿದೆ. ಸರಿಯಾದ ಮಾತು ಪರದೆ ಮೇಲೆ ಬಂದಿದ್ದರೆ ನೀವು ಇಷ್ಟು ಹೆದರುತ್ತಿರಲಿಲ್ಲ. ಫಾರ್ಮ್ಯಾಟ್ ಮಾತು ಬರುತ್ತಲೂ ಇರಲಿಲ್ಲ. ಅಷ್ಟೇ ಅಲ್ಲ, ಫಾರ್ಮ್ಯಾಟ್ ಮಾಡುವಾಗ ಸಿ ಡ್ರೈವ್ ಮಾತ್ರ ಅಳಿಸಿ ಮತ್ತೆ ವಿಂಡೋಸ್ ಹಾಕಿ, ಹಳೆಯ ರಿಕವರಿ ಪಾರ್ಟಿಶನ್ ಹಾಗೇ ಬಿಟ್ಟರೆ ಅದೇ ಎರರ್ ಮತ್ತೆ ಬರಬಹುದು. ದುಡ್ಡೂ ಹೋಯಿತು, ನೋಟ್ಸೂ ಹೋಯಿತು ಅನ್ನುವ ಹಾಗೆ ಆಗುತ್ತದೆ.

ಇನ್ನೊಬ್ಬ ಸದಸ್ಯರು

ನನಗೂ ಇದೇ ಬರ್ತಿದೆ ಸರ್. ಆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಎನ್‌ಕ್ರಿಪ್ಶನ್ ಇಲ್ಲ. ಹಾಗೇ ಬಿಟ್ಟರೆ ನಡೆಯುತ್ತಾ?

ಉತ್ತರ

ಈ ಒಂದು ಅಪ್‌ಡೇಟ್ ಬಿಟ್ಟರೆ ನಡೆಯುತ್ತದೆ. ಡಿಸ್ಕ್‌ಗೆ ಬೀಗವೇ ಇಲ್ಲದ ಮೇಲೆ, ಕದ್ದವರು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಓದಿಬಿಡಬಹುದು. ಬೀಗ ತಪ್ಪಿಸುವ ದೋಷ ಸರಿಯಾದರೆ ನಿಮಗೇನು ಲಾಭ ಅಲ್ವಾ? ಎರರ್ ಕಣ್ಣಿಗೆ ಚುಚ್ಚುತ್ತದೆ, ಅಷ್ಟೇ. ಆದರೆ ಇದರ ಸಿಟ್ಟಿಗೆ ಅಪ್‌ಡೇಟ್ ಸರ್ವಿಸನ್ನೇ ನಿಲ್ಲಿಸಬೇಡಿ. ಪ್ರತಿ ತಿಂಗಳ ಎರಡನೇ ಮಂಗಳವಾರ, ನಮ್ಮ ಲೆಕ್ಕದಲ್ಲಿ ಮಂಗಳವಾರ ರಾತ್ರಿ, ಬರುವ ಮುಖ್ಯ ಅಪ್‌ಡೇಟ್ ಎಲ್ಲರಿಗೂ ಬೇಕೇ ಬೇಕು.

ಮೇಡಂ ವಿಷಯ ಬೇರೆ. ಅವರಲ್ಲಿ ಎನ್‌ಕ್ರಿಪ್ಶನ್ ಆನ್ ಇದೆ, ಲ್ಯಾಪ್‌ಟಾಪ್ ದಿನಾ ಬಸ್ಸಿನಲ್ಲಿ ಓಡಾಡುತ್ತಿರಬಹುದು, ಒಳಗೆ ಮಕ್ಕಳ ಅಂಕಪಟ್ಟಿ ಇರುತ್ತದೆ. ಅವರು ಇದನ್ನು ಸರಿ ಮಾಡಿಸಿಕೊಳ್ಳುವುದೇ ಒಳ್ಳೆಯದು. ತುರ್ತೇನೂ ಇಲ್ಲ. ಪರೀಕ್ಷೆ ಕೆಲಸ ಮುಗಿದ ಮೇಲೆ ಮಾಡಿಸಿದರೂ ಆಯಿತು.

ಪ್ರಶ್ನೆ ಕೇಳಿದವರು

ಮನಸ್ಸಿಗೆ ಸಮಾಧಾನ ಆಯಿತು ಸರ್. ಸರಿ ಮಾಡಿಸಲು ಏನು ಮಾಡಬೇಕು? ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು ಮಾಡಿಕೊಡುತ್ತೇನೆ ಅಂದಿದ್ದಾರೆ.

ಉತ್ತರ

ಅವರು ಕೈ ಹಾಕುವ ಮೊದಲು ನೀವು ಎರಡು ಕೆಲಸ ಮಾಡಬೇಕು ಮೇಡಂ.

ಒಂದು, ನಿಮ್ಮ ಫೈಲ್‌ಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ಕಾಪಿ ಮಾಡಿ. ಕಾಪಿ ಆದ ಮೇಲೆ ಶಾಲೆಯ ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನಾಲ್ಕು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ, ಜಾಸ್ತಿ ಜನ ಎಡವುವುದೂ ಇಲ್ಲೇ. ನೀವು ಎನ್‌ಕ್ರಿಪ್ಶನ್ ಆನ್ ಮಾಡಿಲ್ಲ ಅಂದಿರಿ, ಅದು ನಿಜವೇ. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದಾಗ ಅದು ತಾನಾಗಿಯೇ ಆನ್ ಆಗುತ್ತದೆ. ಆಗ ಆ ಬೀಗ ತೆರೆಯುವ 48 ಅಂಕಿಯ ಒಂದು ರಿಕವರಿ ಕೀ ತಯಾರಾಗಿ ಆ ಅಕೌಂಟ್‌ಗೆ ಹೋಗಿ ಕೂರುತ್ತದೆ. ಯಾರ ಅಕೌಂಟ್‌ಗೆ? ಅವತ್ತು ಲಾಗಿನ್ ಆದವರ ಅಕೌಂಟ್‌ಗೆ. ನಿಮ್ಮ ಮಗ ಲ್ಯಾಪ್‌ಟಾಪ್ ತಂದು ಸೆಟಪ್ ಮಾಡಿಕೊಟ್ಟಿದ್ದರೆ, ಕೀ ಅವರ ಅಕೌಂಟ್‌ನಲ್ಲಿ ಇರುವ ಸಾಧ್ಯತೆ ಜಾಸ್ತಿ.

ಮಗನಿಗೆ ಫೋನ್ ಮಾಡಿ. ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ‘ಡಿವೈಸಸ್’ ವಿಭಾಗದಲ್ಲಿ ಬಿಟ್‌ಲಾಕರ್ ರಿಕವರಿ ಕೀ ಹುಡುಕಲು ಹೇಳಿ. ಆರಾರು ಅಂಕಿಯ ಎಂಟು ಗುಂಪು ಇರುತ್ತದೆ. ಅದನ್ನು ಡೈರಿಯಲ್ಲಿ ಬರೆದು, ಇನ್ನೊಮ್ಮೆ ಓದಿಸಿ ಸರಿ ನೋಡಿಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಯಾರಿಗೂ ವಾಟ್ಸಾಪ್ ಮಾಡಬೇಡಿ, ಈ ಗುಂಪಿನಲ್ಲಂತೂ ಹಾಕಲೇಬೇಡಿ. ಕೀ ಸಿಗುವವರೆಗೆ ಲ್ಯಾಪ್‌ಟಾಪ್‌ಗೆ ಯಾರೂ ಕೈ ಹಾಕುವುದು ಬೇಡ. ಕೀ ಕೇಳಿದಾಗ ಕೊಡಲು ಆಗದಿದ್ದರೆ ನಾನಲ್ಲ, ಕಂಪನಿಯವರೂ ಆ ಡಿಸ್ಕ್ ತೆರೆಯಲು ಆಗುವುದಿಲ್ಲ.

ಲ್ಯಾಬ್ ನೋಡಿಕೊಳ್ಳುವವರು

ಸರ್, ಮೇಡಂ ಹೇಳಿದ್ದು ನನ್ನ ಬಗ್ಗೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದೆ. ಸಿ ಆದ ಮೇಲೆ ಕೊನೆಯಲ್ಲಿ 529 ಎಂಬಿ ರಿಕವರಿ ಪಾರ್ಟಿಶನ್ ಇದೆ. 100% ಖಾಲಿ ಅಂತ ತೋರಿಸುತ್ತಿದೆಯಲ್ಲ?

ಉತ್ತರ

ಆ 100% ನಂಬಬೇಡಿ. ರಿಕವರಿ ಪಾರ್ಟಿಶನ್ ವಿಷಯದಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಯಾವಾಗಲೂ ಹಾಗೇ ತೋರಿಸುತ್ತದೆ. ಸಿ ಪಕ್ಕದಲ್ಲೇ, ಕೊನೆಯಲ್ಲಿ ಇರುವುದು ಒಳ್ಳೆಯದಾಯಿತು, ಕೆಲಸ ಸುಲಭ.

ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಆರ್-ಇ-ಎ-ಜಿ-ಇ-ಎನ್-ಟಿ-ಸಿ, ಒಂದು ಸ್ಪೇಸ್, ಓರೆಗೆರೆ (/), ಐ-ಎನ್-ಎಫ್-ಒ ಅಂತ ಹೊಡೆಯಿರಿ. ರಿಕವರಿ ‘ಎನೇಬಲ್ಡ್’ ಇದೆಯಾ, ಯಾವ ಡಿಸ್ಕಿನ ಎಷ್ಟನೇ ಪಾರ್ಟಿಶನ್‌ನಲ್ಲಿದೆ ಅಂತ ಹೇಳುತ್ತದೆ. ಆ ನಂಬರ್ ಬರೆದಿಟ್ಟುಕೊಳ್ಳಿ. ಅದೇ ಕಮಾಂಡಿನಲ್ಲಿ ಇನ್ಫೋ ಬದಲು ಡಿಸೇಬಲ್ ಅಂತ ಕೊಟ್ಟರೆ, ರಿಕವರಿಯ ಇಮೇಜ್ ಫೈಲ್ ಸಿ ಡ್ರೈವ್‌ಗೆ ಬರುತ್ತದೆ. ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ರಿಕವರಿ ಫೋಲ್ಡರ್. ವಿನ್‌ಆರ್‌ಇ ಹೆಸರಿನ ಆ ಫೈಲ್ ಅಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ. ಹಿಡನ್ ಆಗಿರುತ್ತದೆ. ಅದು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಫೈಲ್ ಇಲ್ಲದೆ ಹಳೆಯ ಪಾರ್ಟಿಶನ್ ಅಳಿಸಿದರೆ ರಿಕವರಿಯೇ ಇಲ್ಲದ ಲ್ಯಾಪ್‌ಟಾಪ್ ಆಗುತ್ತದೆ.

ಮುಂದಿನದು ಪಾರ್ಟಿಶನ್ ಬದಲಿಸುವ ಡಿಸ್ಕ್‌ಪಾರ್ಟ್ ಕಮಾಂಡಿನಲ್ಲಿ. ಸಿ ಯನ್ನು 250 ಎಂಬಿ ಕಿರಿದು ಮಾಡಿ. ಹಳೆಯ ರಿಕವರಿ ಪಾರ್ಟಿಶನ್ ಆರಿಸಿ ‘ಓವರ್‌ರೈಡ್’ ಸೇರಿಸಿ ಅಳಿಸಿ. ಎರಡೂ ಜಾಗ ಕೂಡಿ ದೊಡ್ಡದಾದ ಕಡೆ ಹೊಸ ರಿಕವರಿ ಪಾರ್ಟಿಶನ್ ಮಾಡಿ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಡಿಸ್ಕ್ ತನ್ನ ಪಾರ್ಟಿಶನ್‌ಗಳ ಲೆಕ್ಕ ಇಡುವ ಬಗೆ ಜಿಪಿಟಿ ಆಗಿದ್ದರೆ ಒಂದು ಉದ್ದದ ಐಡಿ ಕೊಡಬೇಕು, ಎಂಬಿಆರ್ ಆಗಿದ್ದರೆ ಬರೀ 27. ಉದ್ದದ್ದನ್ನು ಬಾಯಿಪಾಠದಿಂದ ಹೊಡೆಯಬೇಡಿ, ಮೈಕ್ರೋಸಾಫ್ಟ್‌ನ ಕೆಬಿ5028997 ಪುಟದಿಂದ ಕಾಪಿ ಮಾಡಿ. ಕೊನೆಗೆ ಎನೇಬಲ್ ಕೊಟ್ಟು, ಮತ್ತೆ ಇನ್ಫೋ ನೋಡಿ.

ಅಪಾಯ ಇರುವುದು ಒಂದೇ ಕಡೆ: ತಪ್ಪು ಪಾರ್ಟಿಶನ್ ಆರಿಸುವುದು. ಪ್ರತಿ ಸಲ ಆರಿಸಿದ ಮೇಲೆ ಪಾರ್ಟಿಶನ್ ಪಟ್ಟಿ ತರಿಸಿ. ಆರಿಸಿದ್ದರ ಎದುರು ನಕ್ಷತ್ರದ ಗುರುತು ಇರುತ್ತದೆ. ಅದು ನೋಡದೆ ಡಿಲೀಟ್ ಹೊಡೆಯಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕಂಪನಿಯವರದೇ 10–15 ಜಿಬಿಯ ಇನ್ನೊಂದು ರಿಕವರಿ ಪಾರ್ಟಿಶನ್ ಇರುತ್ತದೆ, ಅದರ ತಂಟೆಗೆ ಹೋಗಬೇಡಿ. ಶುರು ಮಾಡುವ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ (ತಾತ್ಕಾಲಿಕವಾಗಿ ತಡೆಹಿಡಿಯಿರಿ), ಚಾರ್ಜರ್ ಹಾಕಿಕೊಂಡೇ ಕೂತುಕೊಳ್ಳಿ.

ಪ್ರಶ್ನೆ ಕೇಳಿದವರು (ಏಪ್ರಿಲ್ 2024)

ಸರ್, ಪರೀಕ್ಷೆ ಮುಗಿದ ಮೇಲೆ ನಿನ್ನೆ ಮಾಡಿಸಿದೆ. ಕೀ ಮಗನ ಅಕೌಂಟ್‌ನಲ್ಲೇ ಇತ್ತು! ಅವನಿಗೇ ಗೊತ್ತಿರಲಿಲ್ಲ. ಸಸ್ಪೆಂಡ್ ಮಾಡುವುದು ನಮ್ಮವರಿಗೆ ಮರೆತುಹೋಯಿತಂತೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ರಿಕವರಿ ಕೀ ಕೇಳಿತು. ಎದೆ ಧಸಕ್ಕೆಂದಿತು. ಡೈರಿ ತೆಗೆದು 48 ಅಂಕಿ ಹಾಕಿದೆ, ತೆರೆದುಕೊಂಡಿತು. ಅಪ್‌ಡೇಟೂ ಕೂತಿತು.

ಉತ್ತರ

ತುಂಬಾ ಖುಷಿ ಆಯಿತು ಮೇಡಂ. ಪಾರ್ಟಿಶನ್ ಬದಲಾದಾಗ ಯಾರೋ ಡಿಸ್ಕ್ ಮುಟ್ಟಿದ್ದಾರೆ ಅಂತ ಬಿಟ್‌ಲಾಕರ್ ಅನುಮಾನ ಪಡುತ್ತದೆ, ಅದಕ್ಕೇ ಕೀ ಕೇಳುವುದು. ಅದು ಅದರ ಕೆಲಸ ಸರಿಯಾಗಿಯೇ ಮಾಡಿದೆ. ಆ ಡೈರಿ ಪುಟ ಹರಿಯಬೇಡಿ. ಮದರ್‌ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯಾಸ್ ಅಪ್‌ಡೇಟ್ ಆದರೂ ಮತ್ತೆ ಕೇಳಬಹುದು.

ಬೇರೆ ಸದಸ್ಯರು (ನವೆಂಬರ್ 2025)

ಹಳೆಯ ಪ್ರಶ್ನೆ ಓದಿದೆ ಸರ್. ನನ್ನ ವಿಂಡೋಸ್ 10ಕ್ಕೆ ಈಗ ಸೆಕ್ಯುರಿಟಿ ಅಪ್‌ಡೇಟ್ ಬರುತ್ತಲೇ ಇಲ್ಲ. ಇದೂ ಜಾಗದ ತೊಂದರೆಯಾ?

ಉತ್ತರ

ಅಲ್ಲ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಹೊಂದಿದರೆ ಅದಕ್ಕೆ ಹೋಗಿ. ಹೊಂದದಿದ್ದರೆ ಅದೇ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಇಎಸ್‌ಯುಗೆ (ಬೆಂಬಲ ಮುಗಿದ ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಯೋಜನೆಗೆ) ‘ಎನ್‌ರೋಲ್’ ಆಗುವ ಆಯ್ಕೆ ಬಂದಿದೆಯಾ ನೋಡಿ. 22ಎಚ್2 ಆವೃತ್ತಿ ಇರಬೇಕು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡದೆಯೇ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಅಕೌಂಟ್ ಹಾಕುವಾಗ ನಿಮ್ಮದೇ ಹಾಕಿ, ಅಂಗಡಿಯವರದ್ದು ಬೇಡ. ಡಿವೈಸ್ ಎನ್‌ಕ್ರಿಪ್ಶನ್ ಆನ್ ಆಗಿದೆಯಾ ಅಂತ ಅವತ್ತೇ ನೋಡಿ, ಆಗಿದ್ದರೆ ಆ 48 ಅಂಕಿ ಬರೆದಿಟ್ಟುಕೊಳ್ಳಿ.